ಮೊದಲ ರೀಡಿಂಗು

ಇಪ್ಪತ್ತಾರು ವರ್ಷ ಶಿವಮೊಗ್ಗದ ಮೀಟರು ಓದಿದವನು ನಾನು.
ವಿನೋಬನಗರ, ಗೋಪಾಳ, ಬೊಮ್ಮನಕಟ್ಟೆ—
ಗೇಟಿನ ಸದ್ದಿನಲ್ಲೇ ಹೇಳಬಲ್ಲೆ
ಬಂದವರು ಓನರೋ, ಬಾಡಿಗೆಯವರೋ.
ಓನರು ತಳ್ಳುತ್ತಾರೆ.
ಬಾಡಿಗೆಯವರು ಎತ್ತಿ ತೆಗೆಯುತ್ತಾರೆ, ನೆಲಕ್ಕೆ ಗೀರು ಬೀಳದಂತೆ.

ಅಕ್ಕನ ಮಗಳು ಗೌತಮಿಗೆ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ
"ಮಾವ, ಒಂದು ಮನೆ" ಅಂದಾಗ
ಹಳೇ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟೆ.

ಮನೆ ನೋಡುವುದೆಂದರೆ ಟೈಲ್ಸು ನೋಡುವುದಲ್ಲ, ಹುಡುಗಿ.
ನಲ್ಲಿ ತಿರುಗಿಸು. ತುಂಗೆಯದೋ ಬೋರಿನದೋ, ನಾಲಿಗೆಯನ್ನು ಕೇಳು.
ನೀರು ಎಷ್ಟೊತ್ತಿಗೆ ಬರುತ್ತದೆಂದು ಓನರನ್ನು ಕೇಳಬೇಡ,
ಪಕ್ಕದ ಮನೆಯ ಬಿಂದಿಗೆಗಳನ್ನು ಎಣಿಸು.
ಹೊಸ ಪೇಂಟಿನ ಗೋಡೆಗೆ ಅಂಗೈ ಒತ್ತು:
ತಣ್ಣಗಿದ್ದರೆ ಹೋದ ವರ್ಷದ ಜುಲೈ ಇನ್ನೂ ಒಳಗೇ ಕೂತಿದೆ.
ಬಿರುಕಿದ್ದರೆ ಫೋಟೋ ತೆಗೆ, ತಾರೀಖು ಬರುವಂತೆ.
ಬಿಟ್ಟು ಹೋಗುವ ದಿನ
ಎಲ್ಲ ಬಿರುಕಿಗೂ ನೀನೇ ಹೆತ್ತ ತಾಯಿ.

ಅಡ್ವಾನ್ಸು ಕೊಟ್ಟ ಕೈಗೆ ರಸೀದಿ ಬೇಕು.
"ಯಾಕಮ್ಮ, ನಂಬಿಕೆ ಇಲ್ವಾ?" ಅಂತಾರೆ.
ಇದೆ ಸಾರ್, ಅದನ್ನೇ ಸ್ವಲ್ಪ ಬರೆದುಕೊಡಿ ಅನ್ನು.
ಹನ್ನೊಂದು ತಿಂಗಳ ಕರಾರಿನಲ್ಲಿ
ಸುಣ್ಣಬಣ್ಣದ ಖರ್ಚು ಯಾರದೆಂಬ ಸಾಲು
ಯಾವಾಗಲೂ ಮುದ್ರೆಯ ಮಸಿಯ ಅಡಿ ಅವಿತಿರುತ್ತದೆ.
ತಗೋ, ನನ್ನ ಕನ್ನಡಕ.

ಮೊದಲ ಮನೆಯಲ್ಲಿ "ಒಬ್ಬಳೇನಾ?" ಅಂದರು.
ಎರಡನೆಯದರಲ್ಲಿ ನೀರು ಕೊಟ್ಟು, ಲೋಟ ವಾಪಸು ತಗೊಳ್ಳುವ ಮೊದಲು
"ನೀವು ಯಾವ ಜನ?" ಅಂದರು.
ಲೋಟ ಅಲ್ಲೇ ಜಗಲಿಯ ಮೇಲಿಟ್ಟು ಎದ್ದೆವು.

ಮೂರನೆಯದು ಪರಮಶಿವಯ್ಯನವರದು,
ಖಜಾನೆಯಲ್ಲಿ ರಿಟೈರಾದವರು. ಕೆಳಗೆ ಬಾಡಿಗೆ, ಮೇಲೆ ಅವರು.
"ಒಂದೇ ಕಂಡೀಶನ್ನು. ಮೀನು ಮಾತ್ರ ಬೇಡಮ್ಮ.
ವಾಸನೆ ಮೆಟ್ಟಿಲು ಹತ್ತುತ್ತೆ."
ಹೊಸನಗರದ ಹುಡುಗಿ, ಹಿನ್ನೀರಿನ ಮೀನು ತಿಂದೇ ಹಲ್ಲು ಬಂದವಳು,
ಮುಳ್ಳು ಸಿಕ್ಕವಳಂತೆ ಉಗುಳು ನುಂಗಿ ನನ್ನ ಮುಖ ನೋಡಿದಳು.
ಸುಳ್ಳು ಹೇಳಬೇಡ ಎಂದು ಕಣ್ಣಲ್ಲೇ ಅಂದೆ.
ಸುಳ್ಳಿನ ವಾಸನೆ ಮೀನಿಗಿಂತ ಬೇಗ ಮೆಟ್ಟಿಲು ಹತ್ತುತ್ತೆ.

ಆಮೇಲೆ ನನ್ನ ಕೆಲಸ.
ಫ್ಯಾನು, ಲೈಟು, ಬಚ್ಚಲಿನ ಗೀಸರು,
ಒಂದೊಂದೇ ಆರಿಸುತ್ತ ಬಂದು ಮೀಟರಿನ ಮುಂದೆ ನಿಂತೆ.
ಮನೆಯೆಲ್ಲ ಕತ್ತಲು.
ಆದರೂ ಆ ಕೆಂಪು ಹುಳ
ಮಿಟುಕ್.
ಇಷ್ಟು ಹೊತ್ತು ಬಿಟ್ಟು, ಮತ್ತೆ, ಮಿಟುಕ್.

ಇದನ್ನು ಮರೆಯಬೇಡ ಗೌತಮಿ, ಬೇರೆಲ್ಲ ಮರೆತರೂ:
ಎಲ್ಲ ಆರಿಸಿದ ಮೇಲೂ ಮೀಟರು ಉಸಿರಾಡುತ್ತಿದ್ದರೆ
ನಿನ್ನ ಲೆಕ್ಕದಲ್ಲಿ ಇನ್ಯಾರೋ ಬದುಕುತ್ತಿದ್ದಾರೆ.

ವೈರು ಹಿಡಿದು ಹೋದೆ. ಗೋಡೆ ಏರಿ,
ಸಜ್ಜದ ಮೇಲೆ ತೆವಳಿ, ಕಿಟಕಿಯ ಸಂದಿಯಲ್ಲಿ ನುಸುಳಿ
ಪರಮಶಿವಯ್ಯನವರ ಹಾಲಿನ ಮೂಲೆಗೆ ಬಂತು ಅದು.
ಅಲ್ಲೊಂದು ಗಾಜಿನ ತೊಟ್ಟಿ.
ಎರಡು ಬಂಗಾರದ ಮೀನು.
ಗುಳುಗುಳು ಗಾಳಿ ಬಿಡುವ ಪುಟ್ಟ ಮೋಟರು.

ಎಷ್ಟು ಬಾಡಿಗೆಯವರ ಕಾಲದಿಂದಲೋ ಏನೋ.
ಅವರಿಗೂ ಗೊತ್ತಿರಲಿಲ್ಲವಂತೆ. ಇರಬಹುದು.
ವೈರಿಂಗಿನವನ ಹೆಸರು ನೆನಪು ಮಾಡಿಕೊಳ್ಳುತ್ತ
ಟವೆಲಿನಿಂದ ಕತ್ತು ಒರೆಸಿಕೊಂಡರು.

ಗೌತಮಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.
"ಕೀಳೋದು ಬೇಡ ಮಾವ, ಉಸಿರು ಕಟ್ಟುತ್ತೆ ಅವಕ್ಕೆ."
ಆಮೇಲೆ ಅವರ ಕಡೆ ತಿರುಗಿ, ತಣ್ಣಗೆ:
"ನಿಮ್ಮ ಮೀನು ನನ್ನ ಕರೆಂಟಲ್ಲಿರಲಿ ಸಾರ್.
ನನ್ನ ಮೀನು ನನ್ನ ಬಾಣಲೆಯಲ್ಲಿರಲಿ."

ಮೋಟರಿನ ಗುಳುಗುಳು ಬಿಟ್ಟರೆ ಸದ್ದಿಲ್ಲ.
ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು.
"ಕಿಟಕಿ ಹಾಕ್ಕೊಂಡು ಮಾಡಮ್ಮ" ಅಂದರು, ಯಾರಿಗೋ ಅಂದಂತೆ.

ಕರಾರಿನ ಬೆನ್ನಿಗೆ ನಾನು ಬರೆದೆ:
ಮೊದಲ ರೀಡಿಂಗು, ೪೧೨೭. ಇಬ್ಬರ ಸಹಿ.
ಪರಮಶಿವಯ್ಯ ಪೆನ್ನು ಕೊಡದೆ ತುಸು ಹೊತ್ತು ಹಿಡಿದಿದ್ದು
ಬಾಡಿಗೆಯ ಅಂಕಿಯ ಮುಂದೆ
ಖಜಾನೆಯ ದುಂಡು ಅಕ್ಷರದಲ್ಲಿ ಸೇರಿಸಿದರು:
ಮೀನು ಸಹಿತ.

ಯಾವ ಮೀನು ಎಂದು ಯಾರೂ ಕೇಳಲಿಲ್ಲ.