ನಾಲ್ಕು ಬೆರಳಿನಷ್ಟು

ಅಪ್ಪ ಇಟ್ಟ ಹೆಸರು ಸುಗಂಧಿ.
ಈಗ ನೆನೆದರೆ ನಗು ಬರುತ್ತದೆ.

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ
ಕಂತಿನ ಮೇಲೆ ಬಂದ ಮೆಷಿನು,
ಮುಂದೆ ಬಾಗಿಲಿನದ್ದು, ಹಡಗಿನ ಕಿಟಕಿಯಂಥ ದುಂಡು ಗಾಜು.
ಮೊದಲ ದಿನ ಮೂವರೂ ನೆಲದ ಮೇಲೆ ಕುಳಿತು
ಮಗಳ ನೀಲಿ ಲಂಗ ತಿರುಗುವುದನ್ನು
ಪೂರ್ತಿ ಒಂದು ಗಂಟೆ ನೋಡಿದ್ದೆವು.

ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು,
ಮಲಯಾಳದಲ್ಲಿತ್ತು.
ನಾನು ಏಳನೆಯವರೆಗೆ ಕನ್ನಡ ಕಲಿತವಳು.
ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಮೀನು ಮಾರುವಷ್ಟು;
ಓದಲು ಕುಳಿತರೆ ಅಕ್ಷರವೆಲ್ಲ ಬಲೆಯ ಕಣ್ಣು,
ಅರ್ಥ ಸಣ್ಣ ಮೀನಿನ ಹಾಗೆ ನುಸುಳಿ ಹೋಗುತ್ತದೆ.
ಒಂದು ಚಿತ್ರವಿತ್ತು: ಅರೆ ತೆರೆದ ಬಾಗಿಲು, ಒಂದು ಬಾಣ.
ಬಟ್ಟೆ ಹಾಕುವುದು ಹೀಗೆ ಅಂದುಕೊಂಡೆ.
ಪುಸ್ತಕ ರೇಷನ್ ಕಾರ್ಡಿನ ಅಡಿಗೆ ಹೋಯಿತು.

ಒಗೆದಾದ ಮೇಲೆ ಬಾಗಿಲು ಹಾಕುತ್ತಿದ್ದೆ, ಟಕ್ ಅನ್ನುವವರೆಗೆ.
ಬೆಲೆಯುಳ್ಳದ್ದನ್ನು ಮುಚ್ಚಿಡಬೇಕು, ಅಲ್ಲವಾ?
ಸೋಪಿನ ಪುಡಿ ಎರಡು ಮುಷ್ಟಿ,
ಮತ್ತೊಂದು, ಕೈಯ ಧಾರಾಳಕ್ಕೆ.

ಆರನೇ ತಿಂಗಳಿಗೆ ವಾಸನೆ.
ಒದ್ದೆಯಲ್ಲೇ ಮಡಚಿಟ್ಟ ಕೊಡೆಯೊಳಗಿನದ್ದು,
ಹೂಜಿಯ ತಳದ್ದು, ಹೆಸರಿಲ್ಲದ್ದು.
ಶಾಲೆಯಲ್ಲಿ ಪಕ್ಕದ ಹುಡುಗಿ
ಬ್ಯಾಗನ್ನು ನಡುವೆ ಇಟ್ಟು ಕುಳಿತಳಂತೆ.
ಮಗಳು ಅದನ್ನು ಹೇಳಿದ್ದು ಊಟ ಮಾಡುವಾಗ,
ತಲೆ ಎತ್ತದೆ.

ನಾನು ಗಂಡನನ್ನು ನೋಡಿದೆ.
ಲೋಹಿತ ಕಸಬೆಯ ಕಡಪ್ಪುರದಲ್ಲಿ ಐಸು ಒಡೆಯುವವನು,
ಪೆಟ್ಟಿಗೆಗೆ ಬಂಗುಡೆ ತುಂಬುವವನು.
"ನಿನ್ನ ಅಂಗಿ ಒಟ್ಟಿಗೆ ಹಾಕಿ ಹಾಕಿ ಹೀಗಾದದ್ದು."
ಅಷ್ಟೇ ಹೇಳಿದ್ದು. ಜೋರಾಗಿಯೂ ಅಲ್ಲ.

ಮರುದಿನದಿಂದ ಅವನ ಅಂಗಿ ಬಾವಿಕಟ್ಟೆಯಲ್ಲಿ.
ಕಲ್ಲಿಗೆ ಬಡಿಯುವ ಸದ್ದು ಬಾಂಗಿಗೂ ಮೊದಲೇ.
ಲಿಂಬೆಯ ಹೋಳು ತೋಳಿಗೆ ತಿಕ್ಕಿಕೊಳ್ಳುವನು,
ಮಗಳ ತಲೆ ಮುಟ್ಟುವ ಮೊದಲು ಕೈ ಮೂಸಿ ನೋಡುವನು.
ಚಾಪೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡ.
"ಸೆಕೆ" ಎಂದ.

ವಾಸನೆ ಹೋಗಲಿಲ್ಲ.
ಅವನ ಅಂಗಿ ಇಲ್ಲದೆಯೂ ಹೋಗಲಿಲ್ಲ.
ಅಲ್ಲಿಗಾದರೂ ನನಗೆ ಹೊಳೆಯಬೇಕಿತ್ತು.

ಮಮ್ಮುಂಞಿ ಬಂದದ್ದು ಶುಕ್ರವಾರ, ನಮಾಜು ಮುಗಿಸಿ,
ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು.
ಬಾಗಿಲು ತೆರೆದು ರಬ್ಬರಿನ ತುಟಿಯನ್ನು ಹೊರಕ್ಕೆ ಮಗುಚಿದ,
ದನದ ಬಾಯಿ ನೋಡುವ ಡಾಕ್ಟರ ಹಾಗೆ.
ಕಪ್ಪು. ಕಾಡಿಗೆಯಂಥ ಲೋಳೆ.
ಅದರೊಳಗೆ ಎರಡು ರೂಪಾಯಿಯ ನಾಣ್ಯ, ಮಗಳ ಕ್ಲಿಪ್ಪು,
ಉದ್ದ ಕೂದಲು, ನನ್ನದೇ.
ಮೀನಿನ ಒಂದು ಹುರುಪೆ ಇರಲಿಲ್ಲ.
ಹುಡುಕಿದೆ ನಾನು.

ಅರ್ಧ ಮಲಯಾಳ, ಅರ್ಧ ಕನ್ನಡ ಅವನದ್ದು:
ಇಷ್ಟು ಸೋಪು ಯಾಕೆ ಅಕ್ಕಾ, ಬೂಸ್ಟಿಗೆ ಅದೇ ಅನ್ನ.
ತಿಂಗಳಿಗೊಮ್ಮೆ ಬರಿದೇ ಓಡಿಸಿ, ಸುಡು ನೀರಲ್ಲಿ.
ಸೋಪಿನ ಡ್ರಾಯರು ಕಳಚಿ ಬಿಸಿಲಿಗಿಡಿ,
ಕೆಳಗೊಂದು ಮುಚ್ಚಳ ಉಂಟು, ನಿಮಗೆ ಗೊತ್ತೇ ಇಲ್ಲ ಅಲ್ಲವಾ,
ಅಲ್ಲಿ ನಿಂತ ನೀರು ಬಸಿಯಿರಿ.
ಮತ್ತೆ ಬಾಗಿಲು...
ಮಾತು ಬಿಟ್ಟು ನಾಲ್ಕು ಬೆರಳು ಜೋಡಿಸಿ
ಸಂದಿನಲ್ಲಿ ಇಟ್ಟು ತೋರಿಸಿದ.
ಇಷ್ಟು. ಯಾವಾಗಲೂ.

ಆ ಚಿತ್ರ. ಆ ಬಾಣ.

ಮುನ್ನೂರು ಕೊಟ್ಟೆ. ಚಾ ಕುಡಿದು ಹೋದ.

ಸಂಜೆ ಬಾವಿಕಟ್ಟೆಗೆ ಹೊರಟವನ ಕೈಯಿಂದ
ಅಂಗಿ ಕಸಿದುಕೊಂಡೆ.
ಮಗಳ ಲಂಗದ ಜೊತೆಗೇ ಹಾಕಿದೆ, ನನ್ನ ಸೀರೆಯ ಜೊತೆಗೇ.
ಸೋಪು ಎರಡು ಚಮಚ.
ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು,
ರಬ್ಬರಿನ ಮಡಿಕೆಯಲ್ಲಿ ಸಿಕ್ಕ ನಾಣ್ಯದ ಹಾಗೆ.
ಒಗೆದಾದ ಮೇಲೆ ಹಳೆ ಬೈರಾಸು ತಂದು
ಆ ಮಡಿಕೆಯನ್ನು ಸುತ್ತಲೂ ಒರೆಸಿದೆ,
ಮಗುವಿನ ಕಿವಿಯ ಹಿಂದೆ ಒರೆಸುವಷ್ಟು ಮೆಲ್ಲ.

ನಡುರಾತ್ರಿ ನೀರು ಕುಡಿಯಲು ಎದ್ದವನು ಕೇಳಿದ:
"ಮೆಷಿನಿನ ಬಾಗಿಲು ತೆರೆದೇ ಉಂಟಲ್ಲ, ಹಾಕಲಾ?"
"ಬೇಡ. ಇರಲಿ."

ಸ್ವಲ್ಪ ಹೊತ್ತು ಅಲ್ಲೇ ನಿಂತ.
ಆಮೇಲೆ ಕಿಟಕಿಯ ಕಡೆಯಿಂದ ಚಾಪೆ ಎಳೆಯುವ ಸದ್ದು.
ಅವನ ತೋಳಿನಲ್ಲಿ ಲಿಂಬೆ ಇನ್ನೂ ಇತ್ತು,
ಲಿಂಬೆಯ ಅಡಿಯಲ್ಲಿ ಐಸು, ಉಪ್ಪು,
ಹತ್ತು ವರ್ಷದಿಂದ ನನಗೆ ಗೊತ್ತಿದ್ದದ್ದು.