ಟಿ ಅಲೆ, ಕೌಲ್ ಬಜಾರ್

ಬೆಳಗಿನ ಐದೂವರೆಗೆ ದಾದಾ ಖಲಂದರನ ಅಂಗಡಿ ಮುಂದೆ
ಐಸು ತುಂಬಿದ ಥರ್ಮಾಸು ಹಿಡಿದು ನಿಲ್ಲುತ್ತೇನೆ.
"ಊರೆಲ್ಲಾ ತೊಡಿ, ಖಲಿಜ ಕೇಳತೈತಿ, ನೀವೊಬ್ರೇ ಗುಂಡಿಗಿ"
ಎನ್ನುತ್ತಾ ಕೊಡುತ್ತಾನೆ. ಅಂಗೈಯಲ್ಲಿ
ಅದಿನ್ನೂ ಹೊಡೆದುಕೊಳ್ಳುತ್ತಿರುತ್ತದೆ.
ಸ್ಕೂಟಿಯಲ್ಲಿ ಒಂಬತ್ತು ನಿಮಿಷ. ರೈಲ್ವೆ ಗೇಟು ಬಿದ್ದರೆ ಹದಿನಾರು.
ಅದಿರಿನ ಗಾಡಿಗೆ ಎಷ್ಟು ಡಬ್ಬಿ ಎಂದು
ಎಣಿಸುವುದನ್ನು ಬಿಟ್ಟಿದ್ದೇನೆ.

ಅದಕ್ಕೆ ಮೂವತ್ತೇಳು ಡಿಗ್ರಿಯ ನೀರು ಬೇಕು.
ಪುಸ್ತಕದಲ್ಲಿ "ಕಾಯಿಸಿ" ಎಂದು ಬರೆದವರು
ಬಳ್ಳಾರಿಯ ಮೇ ತಿಂಗಳು ಕಂಡವರಲ್ಲ.
ನಾವು ಐಸು ಹಾಕಿ ಇಳಿಸುತ್ತೇವೆ.

ಗಾಜಿನ ನಳಿಗೆಗೆ ಕಟ್ಟಿದರೆ
ಉಪ್ಪು, ಸಕ್ಕರೆ, ಗಾಳಿಯಷ್ಟೇ ಉಂಡು
ಯಾರ ಕುರಿಯದೆಂಬುದನ್ನೂ ಮರೆತು ಬಡಿಯುತ್ತದೆ.
ಒಳಗೋಡೆಗೆ ಆರು ತಂತಿ, ಹೊರಗೋಡೆಗೆ ಆರು.
ಮಿಂಚು ಒಳಗಿಂದ ಹೊರಗೆ ಹರಿಯುತ್ತದೆ,
ಅದು ಎಲ್ಲರಿಗೂ ಗೊತ್ತು.
ನಾನು ಅಳೆಯುವುದು ಆಮೇಲಿನದನ್ನು:
ಯಾವ ತುಣುಕು ಎಷ್ಟು ಮಿಲಿಸೆಕೆಂಡಿಗೆ ಚೇತರಿಸಿಕೊಂಡು
ಇನ್ನೊಂದು ಏಟಿಗೆ ಒಪ್ಪಿಕೊಂಡಿತು ಎಂದು.

ಹೊರಗಿನದು, ಸುದ್ದಿ ಕೊನೆಗೆ ಮುಟ್ಟಿದ್ದು,
ಮೊದಲು ಸುಧಾರಿಸುತ್ತದೆ.
ಒಳಗಿನದು ಹಿಡಿದುಕೊಂಡೇ ಇರುತ್ತದೆ.

ಎರ್ರಿಸ್ವಾಮಿ ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ
ನೀಲಿ ನೀರಿನ ಪಕ್ಕ ಬಿದ್ದ ರಾತ್ರಿ
ಫೋನು ಎತ್ತಿದವಳು ಅವ್ವ. ಆಮೇಲೆ ನಾನು,
ಆಮೇಲೆ ಓಣಿ, ಬೆಳಗಾದ ಮೇಲೆ ಮಾಲೀಕ.
ನಾಲ್ಕನೇ ದಿನ ಅಣ್ಣನ ಮಿಶಿನ್ನಿಗೆ ಬೇರೆ ಹುಡುಗ ಬಂದ.
ಐದನೇ ದಿನ ಗೋಡೆಯಾಚೆ ಮಿಕ್ಸರು ತಿರುಗಿತು,
ಶೇಂಗಾ ಚಟ್ನಿ ವಾಸನೆ.
ಹನ್ನೊಂದರ ಮರುದಿನ ನಾನು ಥರ್ಮಾಸು ತೊಳೆದೆ.
ಅವ್ವ ಈಗಲೂ ರಾತ್ರಿ ಪಾಳಿಯ ಬುತ್ತಿ ಕಟ್ಟುವ ಹೊತ್ತಿಗೆ
ಎದ್ದು ಕೂರುತ್ತಾಳೆ.

ಆ ಮಿಕ್ಸರಿನ ಮೇಲೆ ನನಗೆ ಎರಡು ವರ್ಷ ಸಿಟ್ಟಿತ್ತು.

ಮೊನ್ನೆ ಕೈ ಜಾರಿ ಐಸಿನ ಚೂರೊಂದು
ಹೊರಗೋಡೆಗೆ ತಾಗಿ ಕೂತಿತು.
ತಣ್ಣಗಾದ ಹೊರಮೈ ಸುಧಾರಿಸಲು ಮರೆತು
ಒಳಗಿನದಕ್ಕಿಂತಲೂ ತಡಮಾಡಿತು.
ಕಾಗದದಲ್ಲಿ ಪ್ರತಿ ಬಡಿತದ ಹಿಂದೆ
ಏಳುತ್ತಿದ್ದ ಸಣ್ಣ ಗುಡ್ಡ, ನಾವು ಟಿ ಎನ್ನುವುದು,
ತಲೆಕೆಳಗಾಯಿತು.
ಅಟೆಂಡರ್ ಗಾದಿಲಿಂಗ ಬಗ್ಗಿ ನೋಡಿ,
"ಗುಡ್ಡ ಹೋಗಿ ಗುಂಡಿ ಆತಲ್ರೀ ಮೇಡಂ,
ನಮ್ಮ ಸಂಡೂರಿನಂಗ" ಎಂದ.

ಎಲ್ಲವೂ ಒಂದೇ ಕ್ಷಣಕ್ಕೆ ಸುಧಾರಿಸಿದ್ದರೆ
ಗುಡ್ಡವೂ ಇಲ್ಲ, ಗುಂಡಿಯೂ ಇಲ್ಲ, ಬರೀ ಗೆರೆ.
ಅಂತರ ಮಿತಿಮೀರಿದರೆ
ಎದ್ದದ್ದರ ಪಕ್ಕ ಏಳದ್ದು, ನಡುವೆ ದಾರಿತಪ್ಪಿದ ಮಿಂಚು
ಸುತ್ತಿ ಸುತ್ತಿ, ಗುಂಡಿಗೆ ಬಡಿಯದೆ ಬರೀ ನಡುಗುತ್ತದೆ.
ಅದನ್ನೂ ನೋಡಿದ್ದೇನೆ. ಹೆಚ್ಚು ಹೊತ್ತು ನೋಡಲಾಗುವುದಿಲ್ಲ.

ಚೂರು ಕರಗಿತು. ಗುಡ್ಡ ಮೆಲ್ಲಗೆ ಮೇಲೆದ್ದಿತು.
ಮಾಲೀಕನನ್ನು ಕ್ಷಮಿಸಿದೆ ಎಂದೇನಲ್ಲ.
ಮಿಕ್ಸರಿನ ಮನೆಯವಳಿಗೆ ಮಾತ್ರ
ಅವತ್ತು ನಾನಾಗಿಯೇ "ಊಟ ಆತೇನ್ರೀ" ಎಂದೆ.

ರಾತ್ರಿ ಅವ್ವ ಕೇಳಿದಳು,
"ಎಷ್ಟೊತ್ತು ಬಡೀತು ಇವತ್ತಿಂದು?"
"ನಾಕು ತಾಸು."
ಕತ್ತಲಲ್ಲಿ ಬಳೆ ಸರಿದ ಸದ್ದು.
"ಅದರವ್ವ ಯಾವ ಹಟ್ಟ್ಯಾಗ ಐತೋ," ಎಂದಳು,
"ಅದಕ್ಕ ಯಾರೂ ಹೇಳಿರಂಗಿಲ್ಲ."