ನೆಫಾಸಿತ್‌ನಿಂದ ಮೇಲಕ್ಕೆ

ಬೇಸಗೆಯಲ್ಲಿ ನನ್ನ ಅಂಗೈ ನನ್ನದಾಗಿರಲಿಲ್ಲ,
ಪಾಪಾಸುಕಳ್ಳಿ ಹಣ್ಣಿನ ಕಣ್ಣಿಗೆ ಕಾಣದ ಮುಳ್ಳಿನದು.
ನಸುಕಿಗೇ ಎದ್ದು
ತುದಿಗೆ ಡಬ್ಬಿ ಕಟ್ಟಿದ ಗಳುವಿನಲ್ಲಿ ತಿರುಚಿ ತಿರುಚಿ ಕಿತ್ತು
ಒಣಹುಲ್ಲಿನ ಮೇಲೆ ಪೊರಕೆಯಿಂದ ಉರುಳಾಡಿಸಿ
ಎರಡು ಬಕೆಟ್ಟು ತುಂಬಿಕೊಂಡು
ಅಸ್ಮರಾದಿಂದ ಸಮುದ್ರಕ್ಕಿಳಿಯುವ ಟಾರು ರಸ್ತೆಯ
ತಿರುವಿನಲ್ಲಿ ಕೂರುತ್ತಿದ್ದೆ.
ನಕ್ಫಕ್ಕೆ ಐದು ಕೊಡೆನ್ನುವರು ಲಾರಿಯವರು.
ನಾಲ್ಕು ಎನ್ನುವೆ.
ನಾಲ್ಕನ್ನು ಅಲ್ಲೇ ಸುಲಿಸಿಕೊಂಡು ತಿಂದು
ಐದನೆಯದನ್ನು ಎತ್ತಿಕೊಂಡೇ ಹೋಗುವರು.

'ತಲೆಗೂದಲಿಗೆ ಉಜ್ಜಿಕೊಳ್ಳೇ' ಎಂದು ಅಜ್ಜಿ ಅಬ್ರೆಹೆತ್.
ಬೆಣ್ಣೆ ಹಚ್ಚಿದ ಜಡೆಗೆ ಅಂಟಿ ಬರುವುದು
ಅರ್ಧ ಮುಳ್ಳು.
ಇನ್ನರ್ಧ ಒಳಗೇ ಉಳಿದು
ರಾತ್ರಿ ಕಂಬಳಿ ಎಳೆದುಕೊಂಡಾಗ ಚುರುಕ್ಕೆನ್ನುವುದು.

ಅವತ್ತು ಮೊದಲು ಬಂದದ್ದು ಸದ್ದು.
ಮೇಲೆಲ್ಲೋ ಯಾರೋ ದೊಡ್ಡ ಜರಡಿಯಲ್ಲಿ
ತಾಫ್ ಕಾಳು ಆಡಿಸಿದ ಹಾಗೆ.
ಆಮೇಲೆ ಅವರು.
ಇಪ್ಪತ್ತೋ ಇಪ್ಪತ್ತೈದೋ, ಎಣಿಸುವಷ್ಟರಲ್ಲಿ
ತಿರುವು ಅವರನ್ನೆಲ್ಲ ಒಂದೇ ಗುಟುಕಿಗೆ ಕುಡಿದು
ನನ್ನ ಬಕೆಟ್ಟಿನ ಮೇಲೆ ಅವರ ಗಾಳಿ ಮಾತ್ರ ಬಿಟ್ಟಿತು.

ಒಬ್ಬ ಹಿಂದುಳಿದಿದ್ದ. ಪಂಕ್ಚರು.
ಕಲ್ಲಿನ ಮೇಲೆ ಕೂತು ಹಣ್ಣು ಕೇಳಿದ,
ತಿನ್ನುವಾಗ ಸೈಕಲ್ಲು ನೋಡಿಕೋ ಎಂದ.
ಎತ್ತಿದೆ.
ಎರಡು ಬೆರಳಲ್ಲಿ ಎದ್ದುಬಂತು!
ನಮ್ಮ ಮನೆಯ ಕೋಳಿಬುಟ್ಟಿ ಅದಕ್ಕಿಂತ ಭಾರ.

ಮಾವ ವೊಲ್ದುವಿನ ಸೈಕಲ್ಲು ಬೇರೆಯೇ ಜಾತಿಯ ಪ್ರಾಣಿ.
ಕ್ಯಾರಿಯರಿನ ಎರಡೂ ಕಡೆ ನೀರಿನ ಹಳದಿ ಕ್ಯಾನು,
ಬ್ರೇಕು ಅಂದರೆ ನನ್ನ ಚಪ್ಪಲಿ.
ಒಳಪೆಡಲು ತುಳಿಯುತ್ತ ಕಲಿತೆ,
ಬಾರಿನ ಮೇಲೆ ಕಾಲೆತ್ತಿ ಹಾಕಲು ಎರಡು ವರ್ಷ ಹಿಡಿಯಿತು.
ಎದುರಿಗೇ ಬಿಜೆನ್ ಮಠದ ಬೆಟ್ಟ.
ಅದನ್ನು ಹೆಣ್ಣು ಹತ್ತಬಾರದು,
ಹೇಂಟೆ ಕೂಡ ಹತ್ತಬಾರದು ಎನ್ನುತ್ತಿದ್ದರು.
ಸರಿ ಎಂದೆ.
ಟಾರು ರಸ್ತೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಜನವರಿಯ ಒಂದು ಭಾನುವಾರ, ಕಣಿವೆ ತುಂಬ ಮಂಜು.
ನೆಫಾಸಿತ್‌ನಿಂದ ಅರ್ಬರೋಬಾವರೆಗೆ, ಬರೀ ಏರು.
ಮೊದಲ ಬಹುಮಾನ ಟೈರು, ಎರಡನೆಯದು ಟ್ಯೂಬು, ಮೂರನೆಯದು ಟೋಪಿ.
ಕ್ಷೌರದಂಗಡಿಯ ಗೆಬ್ರೆ ಮೈಕಿನಲ್ಲಿ ನನ್ನ ಹೆಸರನ್ನು
ನನ್ನ ತಮ್ಮನ ಹೆಸರಾಗಿ ಕೂಗಿದ.
ಹುಡುಗಿಯರು ಒಂಬತ್ತು.
ಕ್ಯಾನು ಇಳಿಸಿದ್ದೆ, ಕ್ಯಾರಿಯರು ಬಿಚ್ಚಲು ಸ್ಪ್ಯಾನರು ಸಿಕ್ಕಿರಲಿಲ್ಲ.

ಎರಡನೇ ತಿರುವಿಗೇ ಎದೆ ಬಾಯಿಗೆ ಬಂತು.
ಮೂರನೆಯದರಲ್ಲಿ ಸೆಲಾಮಾವಿತಳ ಹಿಂಗಾಲಿಗೆ
ನನ್ನ ಮುಂಗಾಲಿ ಗೇಣು ದೂರಕ್ಕೆ ಬಂತು ನೋಡಿ,
ಗಾಳಿ ನಿಂತೇಹೋಯಿತು.
ಯಾರೋ ಬಾಗಿಲು ಮುಚ್ಚಿದ ಹಾಗೆ.
ಅವಳ ಬೆನ್ನ ಮರೆಯಲ್ಲಿ ಒಂದು ಸಣ್ಣ ಕೋಣೆ,
ಅದರಲ್ಲಿ ನಾನು, ಅವಳ ಉಸಿರು,
ಒದ್ದೆ ಚೈನಿನ ವಾಸನೆ.
ಹೀಗೂ ಇರುತ್ತದೆಯೇ?
ಗುರುತಿಲ್ಲದ ಹುಡುಗಿಯೊಬ್ಬಳು
ತನಗೇ ಗೊತ್ತಿಲ್ಲದೆ ನನ್ನನ್ನು ಬೆಟ್ಟ ಹತ್ತಿಸುವುದು,
ಅವಳಿಂದ ಪಡೆದ ಕಸುವಿನಲ್ಲೇ ಅವಳನ್ನು ದಾಟುವುದು?

ಪಕ್ಕಕ್ಕೆ ಹೊರಳಿದೆ. ಬಾಗಿಲು ತೆರೆದು
ಗಾಳಿಯೆಲ್ಲ ಮುಖಕ್ಕೇ ಬಡಿಯಿತು.
ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದಾಗ
ಬೇಸಗೆಯ ಒಂದು ಮುಳ್ಳು, ಆರು ತಿಂಗಳು ಮಲಗಿದ್ದದ್ದು,
ಅಂಗೈಯಲ್ಲಿ ಎದ್ದು ಕೂತಿತು.
ನಗು ಬಂತು. ನಗಲು ಉಸಿರಿರಲಿಲ್ಲ.

'ಎಷ್ಟನೆಯವಳು?' ಕಾಫಿ ಹುರಿಯುತ್ತ ಕೇಳಿದಳು ಅಜ್ಜಿ.
'ಐದನೆಯವಳು.'
'ಎಷ್ಟು ಜನರಲ್ಲಿ?'
'ಹತ್ತೊಂಬತ್ತು' ಎಂದೆ.
ಅವಳು ಬಾಣಲೆಯನ್ನು ಒಮ್ಮೆ ಜೋರಾಗಿ ಕುಲುಕಿದಳು, ಅಷ್ಟೆ.

ರಾತ್ರಿ ಸ್ಪ್ಯಾನರು ಸಿಕ್ಕಿತು, ಕ್ಯಾರಿಯರು ಬಿಚ್ಚಿದೆ.
ಬೆಳಗ್ಗೆ ನೀರಿಗೆ ಹೋಗುವ ಮೊದಲು
ಮತ್ತೆ ಕೂರಿಸಬೇಕಾಯಿತು.
ನಟ್ಟುಗಳನ್ನು ಮಾತ್ರ
ಬೆರಳಿಗೆ ತಿರುಗುವಷ್ಟೇ ಬಿಗಿದೆ.